ಆರು ಸೀಲು

ಬೆಳಗಿನ ಮೊದಲ ಸ್ಟಾರ್ಟಿಗೆ
ಒಂದು ಗುಕ್ಕು ನೀಲಿ ಹೊಗೆ.
ಆಮೇಲೆ ಏನೂ ಆಗದವರ ಹಾಗೆ ಸುಮ್ಮನಾಗುತ್ತದೆ
ಇಪ್ಪತ್ತೆರಡು ವರ್ಷದ ನನ್ನ ಮಾರುತಿ,
ನೆತ್ತಿಯ ಮೇಲೆ ಕೆಂಪು ಎಲ್ ಹೊತ್ತು.

ಹೊನ್ನೇಗೌಡರು, ನಿವೃತ್ತ ಬಿಲ್ ಕಲೆಕ್ಟರ್,
ಅರವತ್ತೊಂದಕ್ಕೆ ಕಾರು ಕಲಿಯಲು ಬಂದವರು,
ಮೂಗಿಗೆ ಕರ್ಚೀಫು ಹಿಡಿದು ಕೇಳಿದರು:
'ಮೇಡಂ, ಇದು ಬೀಡಿ ಯಾವಾಗ ಬಿಡುತ್ತೆ?'

ಸಂತೆಪೇಟೆಯ ಜಬೀವುಲ್ಲಾ ಬಾನೆಟ್ ಎತ್ತಲಿಲ್ಲ.
ಕೇಳಿದ್ದು ಎರಡೇ ಮಾತು.
ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಎಬ್ಬಿಸಿದಾಗಲೋ? ಹೌದು.
ಇಳಿಜಾರಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗಲೋ? ಅದೂ ಹೌದು.
'ಹಾಗಾದ್ರೆ ಕೆಳಗಿಂದಲ್ಲ ಅಕ್ಕಾ, ಮೇಲಿಂದ.
ರಿಂಗಲ್ಲ, ಸೀಲು.
ನೀವು ಮಲಗಿದ್ದಾಗ ಆಯಿಲ್ ಒಂದೊಂದೇ ಹನಿ ಇಳಿಯುತ್ತೆ.'

ಆರು ಸೀಲು. ಅವನ ಅಂಗೈಯಲ್ಲಿ
ಕರಿ ರಬ್ಬರಿನ ಪುಟ್ಟ ಟೋಪಿಗಳು,
ಇಂಜೆಕ್ಷನ್ ಸೀಸೆಯ ಬೂಚಿನಷ್ಟು.
ಎಲ್ಲ ಸೇರಿ ಮುನ್ನೂರ ಅರವತ್ತು, ಕೂಲಿ ಬೇರೆ.
ಹೆಡ್ಡು ಇಳಿಸುವುದೇ ಬೇಡ ಅಂದ.

ಇಲ್ಲ, ಇಳಿಸಿ, ಬಿ.ಎಂ. ರಸ್ತೆಯ ಪೊನ್ನುಸ್ವಾಮಿಯ ಲೇತಿಗೆ ಒಯ್ದರೆ
ಗೈಡು ಹೊಸತು, ಸೀಟು ಕಟಿಂಗು,
ವಾಲ್ವು ತಿಕ್ಕಿ ಕೂರಿಸಿ, ಮುಖ ಸಮ ಮಾಡಿ, ಗ್ಯಾಸ್ಕೆಟ್ಟು ಹಾಕಿ
ಹನ್ನೊಂದು ಸಾವಿರ, ಐದು ದಿನ.
'ಅವನ ಐದು ಅಂದ್ರೆ ಎಂಟು.'

ಗುರುವಾರ ಆರ್‌ಟಿಓದಲ್ಲಿ ಟೆಸ್ಟು. ಏಳು ಜನ ನನ್ನವರು.
ಈ ಕ್ಲಚ್ಚು ಕಚ್ಚುವ ಜಾಗ, ಈ ಗೇರಿನ ಮೊಂಡುತನ
ಕಾಲಿಗೆ ಕೈಗೆ ಬಾಯಿಪಾಠ ಮಾಡಿಕೊಂಡವರು.
ಬೇರೆ ಕಾರು ಕೊಟ್ಟರೆ
ಎಂಟು ಬರೆಯಲು ಹೋಗಿ ಸೊನ್ನೆ ಬರೆದಾರು.

ಸೀಲು, ಅಂದೆ.

ಆಲೂಗಡ್ಡೆ ಚೀಲದ ಮೇಲೆ ಸ್ಪ್ಯಾನರು ಹರಡಿಕೊಂಡು
ಅವನು ಮಾಡಿದ್ದನ್ನು ನೀವು ನೋಡಬೇಕಿತ್ತು.
ಪ್ಲಗ್ಗಿನ ತೂತಲ್ಲಿ ನೈಲಾನ್ ಹಗ್ಗ ಇಳಿಬಿಟ್ಟ
ಗೇಣುಗೇಣಾಗಿ, ಬಾವಿಗೆ ಬಿಡುವ ಹಾಗೆ,
ತುದಿಯೊಂದು ಹೊರಗೆ.
ಕೈಯಿಂದಲೇ ಇಂಜಿನ್ನು ತಿರುಗಿಸಿದ. ಪಿಸ್ಟನ್ ಮೇಲೆದ್ದು
ಹಗ್ಗದ ಮುದ್ದೆಯನ್ನು ವಾಲ್ವಿನ ಅಡಿಗೆ ಒತ್ತಿ ಹಿಡಿಯಿತು.
ಇನ್ನು ಸ್ಪ್ರಿಂಗು ಬಿಚ್ಚಿದರೂ ಅದು ಒಳಗೆ ಬೀಳದು.
ಬಿದ್ದರೆ? ಅಂದೆ.
'ಬಿದ್ದರೆ ಪೊನ್ನುಸ್ವಾಮಿ.'

ಮೂರನೇ ಸಿಲಿಂಡರಿನಲ್ಲಿ ಅವನ ಕೈ ನಿಂತಿತು.
ಹಗ್ಗ ತುಸು ಸಡಿಲಿಸಿ
ವಾಲ್ವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ.
ಅಲ್ಲಾಡಿತು, ಬೀಳಲು ಬಂದ ಹಾಲುಹಲ್ಲಿನ ಹಾಗೆ.
ನನ್ನ ಬೆರಳನ್ನೂ ಅಲ್ಲಿ ಇಡಿಸಿದ.
'ಗೈಡು ಸವೆದಿದೆ ಅಕ್ಕಾ. ಟೋಪಿ ಹೊಸದು, ತಲೆ ಹಳೇದು.'
ಎಷ್ಟು ದಿನ?
'ಹೇಳಿದ್ರೆ ಸುಳ್ಳಾಗುತ್ತೆ. ಚಳಿಗಾಲ ದಾಟಬಹುದು.'

ಬಿಲ್ಲಿನಲ್ಲಿ ಎಣ್ಣೆಗೈಯಲ್ಲೇ ಬರೆದ:
ಸೀಲು ಆರು. ಗೈಡು ನೋಡಿದೆ, ತೋರಿಸಿದೆ.

ಗುರುವಾರ ಹೊಗೆ ಇರಲಿಲ್ಲ.
ನರ್ಸ್ ಫ್ಲೇವಿಯಾ ಒಂದೇ ಏಟಿಗೆ ಎಂಟು ಸುತ್ತಿ ಬಂದಳು,
ಬಂದವಳು ಸ್ಟೇರಿಂಗ್ ಬಿಡದೆ ಅಲ್ಲೇ ಕೂತಳು.
ಹೊನ್ನೇಗೌಡರು ಒಂದು ಕಂಬ ಬೀಳಿಸಿದರು.
ಇಳಿದು, ಅದನ್ನು ಎತ್ತಿ ನಿಲ್ಲಿಸಿ, ಧೂಳು ಒರೆಸಿ,
ಇನ್ಸ್‌ಪೆಕ್ಟರಿಗೆ ನಮಸ್ಕಾರ ಮಾಡಿ ಮತ್ತೆ ಹತ್ತಿದರು.
ಫೇಲು.

ಈಗ ಮಾಘ. ಗಾಜಿನ ಮೇಲೆ ಇಬ್ಬನಿ.
ಕೀ ತಿರುಗಿಸುತ್ತಲೇ ಕನ್ನಡಿಯಲ್ಲಿ ಹಿಂದೆ ನೋಡುತ್ತೇನೆ.
ಬಿಳಿ ಬಂದರೆ ಅದು ಚಳಿಯ ಉಸಿರು, ಲೆಕ್ಕಕ್ಕಿಲ್ಲ.
ಡ್ಯಾಶ್‌ಬೋರ್ಡಿನ ಗೂಡಲ್ಲಿ ಹಾರ್ಲಿಕ್ಸ್ ಡಬ್ಬಿಯೊಂದಿದೆ,
ಫೀಸು ಬಂದ ವಾರ ಇನ್ನೂರು, ಬಾರದ ವಾರ ಐವತ್ತು.
ಮೇಲೊಂದು ಚೀಟಿ ಅಂಟಿಸಿದ್ದೇನೆ: ಪೊನ್ನುಸ್ವಾಮಿ.

ಹೊನ್ನೇಗೌಡರು ಬಂದು ಸೀಟು ಮುಂದಕ್ಕೆ ಎಳೆದುಕೊಂಡರು.
'ಬೀಡಿ ಬಿಡ್ತಾ ಮೇಡಂ?'

ಸದ್ಯಕ್ಕೆ, ಅಂದೆ. ಕ್ಲಚ್ ಒತ್ತಿ.